ಪಾಣಿನಿಯ ಹೆಸರು ಬೇಕು, ಪಾಠ ಬೇಡ

ಕಂಪ್ಯೂಟರಿಗೆ ಎಲ್ಲಕ್ಕಿಂತ ಸೂಕ್ತವಾದ ಭಾಷೆ ಸಂಸ್ಕೃತ, ನಾಸಾ ಕೂಡ ಇದನ್ನು ಒಪ್ಪಿದೆ ಎಂಬ ಮಾತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ಅದರ ಬೇರು 1985ರ ಒಂದು ಲೇಖನದಲ್ಲಿದೆ. ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಅದನ್ನು 'ಎಐ ಮ್ಯಾಗಜೀನ್'ಗೆ ಬರೆದರು. ವಾಕ್ಯದ ಅರ್ಥವನ್ನು ಬಿಡಿಸಿಡಲು ಸಂಸ್ಕೃತ ವೈಯಾಕರಣರು ಕಂಡುಕೊಂಡ ಕ್ರಮಕ್ಕೂ ಕೃತಕ ಬುದ್ಧಿಮತ್ತೆಯವರು ಅರ್ಥವನ್ನು ಜಾಲದಂತೆ ಚಿತ್ರಿಸುವ ಕ್ರಮಕ್ಕೂ ಹೋಲಿಕೆಯಿದೆ ಎಂಬುದು ಅವರ ವಾದ. ನಾಸಾದ ಯಂತ್ರಗಳು ಸಂಸ್ಕೃತದಲ್ಲಿ ನಡೆಯುತ್ತವೆ ಎಂದು ಅವರು ಬರೆದಿರಲಿಲ್ಲ.

ಈ ಜಂಬದ ಮಾತಿನಿಂದ ದೊಡ್ಡ ನಷ್ಟವೊಂದು ಆಗಿದೆ. ಪಾಣಿನಿಯನ್ನು ನಿಜವಾಗಿ ಕೆಲಸಕ್ಕೆ ಹಚ್ಚಿದವರು ಅದರ ಗದ್ದಲದಲ್ಲಿ ಮರೆಯಾದರು. ಅವರ ಕೆಲಸದಲ್ಲಿ ಕನ್ನಡಕ್ಕೆ ಮೊದಲಿನಿಂದಲೂ ಜಾಗವಿತ್ತು ಎಂಬುದು ಕನ್ನಡಿಗರಿಗೇ ತಿಳಿಯದೆ ಹೋಯಿತು.

1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ವಿನೀತ ಚೈತನ್ಯ, ರಾಜೀವ್ ಸಂಗಲ್ ಮತ್ತು ಅವರ ಸಂಗಡಿಗರು 'ಅಕ್ಷರ ಭಾರತಿ' ಎಂಬ ಒಂದೇ ಹೆಸರಿನಡಿ ಕೆಲಸ ಆರಂಭಿಸಿದರು. ಕನ್ನಡ, ತೆಲುಗು, ಮರಾಠಿ, ಬಂಗಾಳಿ, ಪಂಜಾಬಿ ಬರಹಗಳನ್ನು ಹಿಂದಿ ಓದುಗರಿಗೆ ಮುಟ್ಟಿಸುವ 'ಅನುಸಾರಕ' ಎಂಬ ವ್ಯವಸ್ಥೆ ಕಟ್ಟಿದರು. ಪಾಣಿನಿಯ ದೃಷ್ಟಿಯಿಂದ ಭಾಷಾ ಸಂಸ್ಕರಣೆಯನ್ನು ವಿವರಿಸುವ ಅವರ ಪುಸ್ತಕ 1995ರಲ್ಲಿ ಬಂತು. ಕೆಲಸ ಮುಂದೆ ಹೈದರಾಬಾದಿನಲ್ಲಿ ಬೆಳೆಯಿತು.

ಅವರು ಪಾಣಿನಿಯಿಂದ ತೆಗೆದುಕೊಂಡದ್ದು ಸಂಸ್ಕೃತವನ್ನಲ್ಲ, ಕಾರಕವನ್ನು. ಒಂದು ಕ್ರಿಯೆಯ ಸುತ್ತ ಯಾರು ಮಾಡಿದರು, ಏನನ್ನು, ಯಾವುದರಿಂದ, ಯಾರಿಗೆ, ಎಲ್ಲಿಂದ, ಎಲ್ಲಿ ಎಂಬ ಆರು ಸಂಬಂಧಗಳಿವೆ. ಅವುಗಳನ್ನು ತೋರಿಸುವ ವಿಭಕ್ತಿ ಬೇರೆ, ಸಂಬಂಧವೇ ಬೇರೆ. ಒಂದೇ ವಿಭಕ್ತಿ ಎರಡು ಕಾರಕಗಳನ್ನು ಹೊರಬಹುದು, ಒಂದೇ ಕಾರಕ ಎರಡು ವಿಭಕ್ತಿಗಳಲ್ಲಿ ಬರಬಹುದು. ಈ ಬೇರ್ಪಡಿಕೆಯೇ ಪಾಣಿನಿಯ ಪಾಠ.

ಹೆಸರನ್ನು ಹಿಡಿದು ಪಾಠವನ್ನು ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಕನ್ನಡ ಶಾಲೆಯ ವ್ಯಾಕರಣವೇ ಸಾಕ್ಷಿ. ಸಂಸ್ಕೃತದಲ್ಲಿ ಪಂಚಮಿ ಇದೆಯೆಂದು ಕನ್ನಡಕ್ಕೂ ಒಂದು ಪಂಚಮಿ ಬೇಕಾಯಿತು, ಮಕ್ಕಳು 'ಮರದ ದೆಸೆಯಿಂದ' ಎಂದು ಬಾಯಿಪಾಠ ಮಾಡಿದರು. ಮರದ ದೆಸೆಯಿಂದ ಬಿದ್ದವನನ್ನು ಯಾರೂ ಕಂಡಿಲ್ಲ, ಕನ್ನಡಿಗರೆಲ್ಲ ಬೀಳುವುದು ಮರದಿಂದ. ಕತ್ತರಿಸುವುದು ಕತ್ತಿಯಿಂದ, ಬೀಳುವುದು ಮರದಿಂದ. ಪ್ರತ್ಯಯ ಒಂದೇ, ಕಾರಕ ಎರಡು. ಪಾಣಿನಿಯ ಕ್ರಮದಲ್ಲಿ ಇದಕ್ಕೆ ಯಾವ ತೊಡಕೂ ಇಲ್ಲ, ಸಂಸ್ಕೃತದ ಅಚ್ಚಿನಲ್ಲಿ ಮಾತ್ರ ಇದೆ. ಅಚ್ಚನ್ನು ಪೂಜಿಸುವವರು ಕ್ರಮವನ್ನು ಕಲಿಯಲಿಲ್ಲ.

ಅನುಸಾರಕದವರು ಕಲಿತರು. "ಸಾಲ ಕೊಟ್ಟ ಮನುಷ್ಯ ಫೋನ್ ಎತ್ತುತ್ತಿಲ್ಲ" ಎಂಬ ವಾಕ್ಯ ನೋಡಿ. ಸಾಲ ಕೊಟ್ಟದ್ದು ಆ ಮನುಷ್ಯನೋ, ಅವನಿಗೆ ಬೇರೆ ಯಾರೋ ಕೊಟ್ಟರೋ? 'ಕೊಟ್ಟ' ಎಂಬ ಕೃದಂತ ಕಾರಕವನ್ನು ಹೇಳುವುದೇ ಇಲ್ಲ. ಕೇಳುವವನು ಲೋಕಜ್ಞಾನದಿಂದ ತಿಳಿದುಕೊಳ್ಳುತ್ತಾನೆ. ಹಿಂದಿಯಲ್ಲಿ 'ಜಿಸ್ನೇ' ಅಥವಾ 'ಜಿಸ್ಕೋ' ಎಂದು ಆರಿಸಲೇಬೇಕು. ಅನುಸಾರಕ ಇಂಥಲ್ಲಿ ಊಹಿಸುತ್ತಿರಲಿಲ್ಲ. ದಕ್ಷಿಣದ ಭಾಷೆಗಳ ಈ ರಚನೆಗಾಗಿಯೇ ಹಿಂದಿಯ 'ಜೋ' ಪದಕ್ಕೆ ಒಂದು ನಕ್ಷತ್ರ ಚಿಹ್ನೆ ಹಚ್ಚಿ ಹೊಸ ಪ್ರಯೋಗವನ್ನೇ ಮಾಡಿಕೊಂಡಿತು. ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ಕಳೆಯಬಾರದು, ಉಳಿದದ್ದನ್ನು ಓದುಗ ಬಿಡಿಸಿಕೊಳ್ಳಲಿ ಎಂಬುದು ಅದರ ನೀತಿ.

ಆ ಹಿಂದಿ ಸಲೀಸಾಗಿರಲಿಲ್ಲ. ಅದನ್ನು ಓದಲು ಸ್ವಲ್ಪ ತರಬೇತಿಯೇ ಬೇಕಿತ್ತು. ಕೈಯಿಂದ ಬರೆದ ನಿಘಂಟು ಮತ್ತು ನಿಯಮಗಳಿಗೆ ಭಾಷೆಯ ವೇಗದ ಜೊತೆ ಓಡಲು ಆಗಲಿಲ್ಲ. ಕೋಟ್ಯಂತರ ವಾಕ್ಯಗಳನ್ನು ನುಂಗಿ ಕಲಿಯುವ ಇಂದಿನ ಯಂತ್ರಗಳು ಬರೆಯುವ ಕನ್ನಡದ ಮುಂದೆ ಅದು ಒರಟು. ಹಳೆಯದಕ್ಕೇ ಮರಳಿ ಎಂದು ಬುದ್ಧಿಯಿರುವ ಯಾರೂ ಹೇಳಲಾರರು.

ಆದರೆ ಸಲೀಸುತನಕ್ಕೆ ತೆತ್ತ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇವತ್ತು ಭಾರತೀಯ ಭಾಷೆಗಳ ನಡುವಿನ ಯಂತ್ರಾನುವಾದಕ್ಕೆ ಇಂಗ್ಲಿಷೇ ಹೊಸ್ತಿಲು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2021ರಲ್ಲಿ ಮುಕ್ತವಾಗಿ ಹೊರತಂದ 'ಸಮಾನಾಂತರ' ದೊಡ್ಡ ಉಪಕಾರ. ಆದರೆ ಅದೂ ಇಂಗ್ಲಿಷ್ ಜೊತೆ 11 ಭಾರತೀಯ ಭಾಷೆಗಳ ವಾಕ್ಯಜೋಡಿ. ಕನ್ನಡ-ಮರಾಠಿಯಂಥ ಜೋಡಿಗಳನ್ನು ಅದರಲ್ಲಿ ಇಂಗ್ಲಿಷನ್ನು ನಡುವೆ ಇಟ್ಟೇ ಹೊಂದಿಸಲಾಯಿತು. ಕನ್ನಡ-ಮರಾಠಿ ನಡುವಿನ ನೇರ ಅನುವಾದ ಕಡಿಮೆ ಸಿಗುವಾಗ ತಂಡದವರಿಗೆ ಬೇರೆ ದಾರಿ ಕಷ್ಟ. ದೂರಬೇಕಾದ್ದು ಅವರನ್ನಲ್ಲ, ಈ ಕೊರತೆಯನ್ನು ಕೊರತೆ ಎಂದೇ ಎಣಿಸದ ವ್ಯವಸ್ಥೆಯನ್ನು.

"ಮಳೆ ಬರುತ್ತೆ ಅಂತ ಛತ್ರಿ ತಂದೆ" ಎಂಬುದನ್ನು ಪುಣೆಯವರು "ಪಾವೂಸ್ ಯೇಈಲ್ ಮ್ಹಣೂನ್ ಛತ್ರೀ ಆಣಲೀ" ಎನ್ನುತ್ತಾರೆ. 'ಅಂತ' ಇದ್ದಲ್ಲೇ 'ಮ್ಹಣೂನ್' ಇದೆ. ಎರಡೂ 'ಅನ್ನು' ಎಂಬರ್ಥದ ಕ್ರಿಯಾಪದದಿಂದ ಹುಟ್ಟಿದವು. 'ನನಗೆ ಹಸಿವು' ಎಂಬಲ್ಲಿ ಮರಾಠಿಯಲ್ಲೂ 'ಮಲಾ' ಎಂದೇ. ದ್ರಾವಿಡ, ಆರ್ಯ ಎಂಬ ಭೇದ ದಾಟಿ ಸಾವಿರಾರು ವರ್ಷ ಒಟ್ಟಿಗೆ ಬಾಳಿದ ಭಾಷೆಗಳಿವು. ಪಕ್ಕದ ಮನೆಗೆ ಹಿತ್ತಿಲ ಬಾಗಿಲಿದ್ದರೂ ಊರು ಸುತ್ತಿ ಹೋಗುವಂತಾಗಿದೆ. ಆ ಸುತ್ತಿನಲ್ಲಿ ನೀನು-ನೀವು ಒಂದಾಗುತ್ತವೆ, ಸೋದರಮಾವನೂ ಚಿಕ್ಕಪ್ಪನೂ ಅಂಕಲ್ ಆಗುತ್ತಾರೆ. ಮರಾಠಿಗೆ ಬರುವಾಗ ಮಾಮಾನೋ ಕಾಕಾನೋ ಎಂಬುದು ಯಂತ್ರದ ಊಹೆಗೆ ಬಿಟ್ಟದ್ದು.

ಇದು ಬರೀ ಭಾಷಾಪ್ರೇಮಿಗಳ ಕೊರಗಲ್ಲ. ಹೈದರಾಬಾದಿನ ಮನೆ ಮಾಲೀಕರೊಬ್ಬರು ಕನ್ನಡದ ಬಾಡಿಗೆದಾರರಿಗೆ ರಿಪೇರಿಯ ಖರ್ಚಿನ ಬಗ್ಗೆ ತೆಲುಗಿನಲ್ಲಿ ಬರೆದರು ಎನ್ನಿ. 'ಮೇಮು' ಎಂದಿದ್ದರೆ ನಿಮ್ಮನ್ನು ಬಿಟ್ಟು ನಾವು, 'ಮನಂ' ಎಂದಿದ್ದರೆ ನೀವೂ ಸೇರಿ ನಾವು. ಇಂಗ್ಲಿಷಿನಲ್ಲಿ ಈ ಭೇದವಿಲ್ಲ, ಕನ್ನಡದಲ್ಲೂ ಇಲ್ಲ. "ಖರ್ಚು ನಾವು ಕೊಡೋಣ ಅಂದುಕೊಂಡಿದ್ದೇವೆ" ಎಂದು ಅಚ್ಚುಕಟ್ಟಾದ ಕನ್ನಡ ಬರುತ್ತದೆ, ಅರ್ಧ ದುಡ್ಡು ತಾನು ಕೊಡಬೇಕೆಂಬುದು ಬಾಡಿಗೆದಾರನಿಗೆ ಗೊತ್ತಾಗುವುದಿಲ್ಲ. ಅನುಸಾರಕದ ನೀತಿಯಂತೆ ನಡೆಯುವ ಯಂತ್ರ 'ನಾವು' ಪಕ್ಕದಲ್ಲಿ ಒಂದು ಗುರುತಾದರೂ ಹಾಕುತ್ತಿತ್ತು. ಒರಟು ಅನುವಾದ ಓದುಗನನ್ನು ಎಚ್ಚರದಲ್ಲಿಡುತ್ತದೆ. ಸಲೀಸಾದದ್ದು ತಪ್ಪಿದ್ದಾಗಲೂ ನಂಬಿಸುತ್ತದೆ.

ಹಾಗಾಗಿ ಕೇಳಬೇಕಾದದ್ದು ಮೂರು. ಸರ್ಕಾರಿ ದುಡ್ಡಿನಲ್ಲಿ ನಡೆಯುವ ಭಾಷಾ ಯೋಜನೆಗಳು ಕನ್ನಡ-ಮರಾಠಿ, ಕನ್ನಡ-ತೆಲುಗು, ಕನ್ನಡ-ತಮಿಳು ನೇರ ಅನುವಾದಗಳನ್ನು ಮನುಷ್ಯರಿಂದಲೇ ಮಾಡಿಸಿ ಸಂಗ್ರಹಿಸಲಿ. ಅದಕ್ಕೆ ಬೇಕಾದ ದ್ವಿಭಾಷಿಗಳು ಸೊಲ್ಲಾಪುರ, ಹೊಸೂರು, ರಾಯಚೂರುಗಳಲ್ಲೂ ಮುಂಬೈ-ಪುಣೆಯ ಕನ್ನಡ ಮನೆಗಳಲ್ಲೂ ಇದ್ದಾರೆ. ಯಂತ್ರದ ಪರೀಕ್ಷೆ ಇಂಗ್ಲಿಷಿನಿಂದ ಎಷ್ಟು ಚೆನ್ನಾಗಿ ಬಂತು ಎಂಬಲ್ಲಿಗೇ ನಿಲ್ಲದೆ, ನೆರೆಭಾಷೆಯಿಂದ ಏನು ಉಳಿಯಿತು ಎಂಬುದನ್ನೂ ಅಳೆಯಲಿ. ಮತ್ತು ಯಂತ್ರ ಊಹಿಸಿದ ಕಡೆ ಊಹೆ ಎಂದು ತೋರಿಸಲಿ.

ಇದರಲ್ಲಿ ಯಾವುದಕ್ಕೂ ನಾಸಾದ ಸರ್ಟಿಫಿಕೇಟ್ ಬೇಕಿಲ್ಲ. ಪಾಣಿನಿಗೆ ಗೌರವ ಕೊಡುವ ಮನಸ್ಸಿದ್ದವರು ಮುಂದಿನ ಸಲ ಆ ವಾಟ್ಸ್‌ಆ್ಯಪ್ ಸಂದೇಶವನ್ನು ಫಾರ್ವರ್ಡ್ ಮಾಡುವ ಬದಲು, ಅದನ್ನು ಯಂತ್ರದಲ್ಲಿ ಮರಾಠಿಗೋ ತೆಲುಗಿಗೋ ತಿರುಗಿಸಿ ಪಕ್ಕದ ಮನೆಯವರಿಗೆ ಓದಲು ಕೊಡಲಿ. ಎಷ್ಟು ಉಳಿದಿದೆ ಎಂಬುದನ್ನು ಅವರೇ ಹೇಳುತ್ತಾರೆ.