ಪೌಡರು ಡಬ್ಬಿಯಿಂದ ಫಿಲ್ಟರಿನವರೆಗೆ

ಆಗಸ್ಟ್ 19 ವರ್ಷವರ್ಷವೂ ಬರುತ್ತದೆ. 1839ರ ಆ ದಿನ ಲೂಯಿ ದಾಗೇರ್‌ನ ಫೋಟೊ ತೆಗೆಯುವ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಲೋಕಕ್ಕೆ ತಿಳಿಸಿದ ನೆನಪಿಗೆ ಕ್ಯಾಮೆರಾ ಹಿಡಿದವರನ್ನು ಹೊಗಳುವುದು ರೂಢಿ. ಹೊಗಳೋಣ. ಆದರೆ ಕ್ಯಾಮೆರಾದ ಎದುರು ಕೂತವರೂ ಇಷ್ಟು ಕಾಲ ಸುಮ್ಮನೆ ಬಂದು ಕೂತವರಲ್ಲ. ಮುಖಕ್ಕೆ, ತಲೆಗೆ, ಬಟ್ಟೆಗೆ ಅವರು ಪಟ್ಟ ಪಾಡನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಕಪ್ಪು ಬಿಳುಪಿನ ಕಾಲದಲ್ಲಿ ಈ ಸಿದ್ಧತೆಯ ಅರ್ಧ ಸ್ಟುಡಿಯೊದಲ್ಲೇ ಆಗುತ್ತಿತ್ತು. ಹೊರಕೋಣೆಯಲ್ಲಿ ಕನ್ನಡಿ, ಹಲವು ತಲೆ ಕಂಡ ಬಾಚಣಿಗೆ, ಪೌಡರು ಡಬ್ಬಿ, ಮೊಳೆಗೆ ತೂಗುಹಾಕಿದ ಕೋಟು. ಕೋಟು ಒಂದೇ, ಮೈ ನೂರು. ದೊಗಲೆಯಾದರೆ ಬೆನ್ನ ಹಿಂದೆ ಕ್ಲಿಪ್ಪು. ಎದೆಮಟ್ಟದ ಫೋಟೊ ಆದ್ದರಿಂದ ಕೆಳಗೆ ಪಂಚೆ ಇದ್ದರೂ ನಡೆಯುತ್ತಿತ್ತು.

ಪೌಡರಿಗೆ ಆಗ ಒಂದು ನಿಜವಾದ ಕಾರಣವಿತ್ತು. ಹಳೆಯ ಆರ್ಥೊಕ್ರೊಮ್ಯಾಟಿಕ್ ಪ್ಲೇಟುಗಳ ಕಣ್ಣಿಗೆ ಕೆಂಪು ಬೀಳುತ್ತಿರಲಿಲ್ಲ. ಹಣೆಯ ಕುಂಕುಮ ಕಾಡಿಗೆಯಷ್ಟು ಕಪ್ಪಗೆ, ತಿಳಿನೀಲಿ ಸೀರೆ ಬೆಳ್ಳಗೆ, ನಮ್ಮಂಥ ಕಂದು ಮುಖ ಇದ್ದುದಕ್ಕಿಂತ ಒಂದು ಪಟ್ಟು ಕಡುವಾಗಿ ಮೂಡುತ್ತಿದ್ದವು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಂದ ಮೇಲೆ ಆ ಕಾರಣ ಹೋಯಿತು, ಪೌಡರು ಮಾತ್ರ ಉಳಿಯಿತು. ಅದು ಸಾಲದೆಂದು ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ತಿದ್ದಿ ಕೆನ್ನೆ ತಿಳಿ ಮಾಡುವ ಕೈಚಳಕ ಬೇರೆ. ಬಣ್ಣದ ಫಿಲ್ಮಿನದೂ ಇದೇ ಕತೆ. ಪ್ರಿಂಟಿನ ಬಣ್ಣ ಹೊಂದಿಸಲು ಕೊಡ್ಯಾಕ್ ಲ್ಯಾಬುಗಳಿಗೆ ಕೊಡುತ್ತಿದ್ದ ಮಾದರಿ ಕಾರ್ಡಿನಲ್ಲಿ ಬಹುಕಾಲ ಇದ್ದದ್ದು ಬಿಳಿಯ ಹೆಣ್ಣಿನ ಮುಖ. ಮೈಬಣ್ಣ ತಿಳಿ ಮಾಡುವೆನೆಂದು 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮು ತನ್ನ ಹೆಸರು ಬದಲಿಸಿಕೊಂಡದ್ದು 2020ರಲ್ಲಿ. ಕೂತವರ ಪಾಡಿನ ಲೆಕ್ಕ ಬರೆದರೆ ಬಾಕಿ ಪುಟದ ದೊಡ್ಡ ಮೊತ್ತ ಈ ಬಿಳುಪಿನ ಹಂಬಲವೇ.

ಜಮೆಯ ಪುಟದಲ್ಲಿ ಮೊದಲು ಬರಬೇಕಾದದ್ದು ಮೊಗ್ಗಿನ ಜಡೆ. ಬಿರಿಯದ ಮಲ್ಲಿಗೆ ಮೊಗ್ಗುಗಳನ್ನೇ ಆಯ್ದು ಜಡೆಯ ಉದ್ದಕ್ಕೂ ಸಾಲಾಗಿ ಹೊಲಿಯಬೇಕು, ಅವು ಅರಳುವ ಮೊದಲೇ ಸ್ಟುಡಿಯೊ ಸೇರಬೇಕು. ಅಲ್ಲಿ ಹುಡುಗಿಯ ಬೆನ್ನಿಗೆ ನಿಲುವುಗನ್ನಡಿ. ಒಂದೇ ಚಿತ್ರದಲ್ಲಿ ಎದುರಿಗೆ ಮುಖ, ಕನ್ನಡಿಯೊಳಗೆ ಜಡೆ. ದೀಪದ ಬಿಂಬವಾಗಲಿ ಕ್ಯಾಮೆರಾ ಸ್ಟ್ಯಾಂಡಿನ ಕಾಲಾಗಲಿ ಅದರಲ್ಲಿ ಬೀಳದಂತೆ ಓರೆ ಹಿಡಿಯುವುದು ಛಾಯಾಗ್ರಾಹಕನ ತಲೆನೋವು. ಹುಡುಗಿಯ ಮುಖದಲ್ಲಿ ನಗು ಕಡಿಮೆ. ತಲೆ ಭಾರ, ಕತ್ತು ತಿರುಗಿಸುವಂತಿಲ್ಲ, ಪಕ್ಕದಲ್ಲಿ ಅಜ್ಜಿಯ ಗದರಿಕೆ. ಆದರೂ ಮುಖವನ್ನು ಬೇರೆ ಮಾಡದೆ, ಇದ್ದದ್ದನ್ನು ಪೂರ್ತಿ ತೋರಿಸುವ ಇಂಥ ಉಪಾಯ ನಮ್ಮ ಸ್ಟುಡಿಯೊಗಳಲ್ಲಿ ಮತ್ತೊಂದು ಹುಟ್ಟಲಿಲ್ಲ.

ಆಮೇಲೆ ಸರ್ಕಾರ ಮುಖ ಕೇಳತೊಡಗಿತು. ಮುಖ್ಯ ಚುನಾವಣಾ ಆಯುಕ್ತ ಶೇಷನ್ ಕಾಲದಲ್ಲಿ, 1993ರಲ್ಲಿ, ಮತದಾರರ ಗುರುತಿನ ಚೀಟಿ, 2010ರಿಂದ ಆಧಾರ್. ಇವಕ್ಕೆ ಗುರುತು ಸಿಕ್ಕರೆ ಸಾಕು, ಅಂದ ಬೇಕಿಲ್ಲ. ಸರದಿಯಲ್ಲಿ ಬೆವರಿ ನಿಂತವರ ಮುಖವನ್ನು ಅಂಗೈಯಗಲದ ಕ್ಯಾಮೆರಾ ಹಿಡಿದದ್ದು ಮನೆಮನೆಯ ನಗೆಪಾಟಲು. ಅಮೆರಿಕದ ವೀಸಾಕ್ಕೆ ಎರಡಿಂಚು ಚೌಕ, ಬಿಳಿ ಹಿನ್ನೆಲೆ, 2016ರ ನವೆಂಬರ್‌ನಿಂದ ಕನ್ನಡಕವೂ ಇಲ್ಲ. ಮಗಳ ಬಾಣಂತನಕ್ಕೆ ಹೊರಟ ತಾಯಂದಿರ ಆ ಫೋಟೊಗಳಲ್ಲಿ ಮೂಗಿನ ಎರಡೂ ಬದಿ ಕನ್ನಡಕದ ಗುಳಿ ಎದ್ದು ಕಾಣುತ್ತದೆ. ಕೂರುವ ಅರ್ಧ ಗಂಟೆ ಮೊದಲೇ ತೆಗೆದಿಟ್ಟಿದ್ದರೆ ಅದು ಸಾಕಷ್ಟು ಮಾಯುತ್ತಿತ್ತು.

ನಿಜಕ್ಕೂ ಫಲ ಕೊಡುವ ಸಿದ್ಧತೆಗಳು ಇಂಥ ಸಪ್ಪೆ ಸಂಗತಿಗಳೇ. ಈಗ ಕೆಲಸದ ಅರ್ಜಿಗೂ ಕಂಪನಿಯ ವೆಬ್‌ಸೈಟಿಗೂ ಒಳ್ಳೆಯ ಫೋಟೊ ಬೇಕೆಂದು ಸ್ಟುಡಿಯೊಗೆ ಹೋಗುವವರು ಹೆಚ್ಚಿದ್ದಾರೆ. ಹಿಂದಿನ ದಿನ ಫೇಶಿಯಲ್ ಮಾಡಿಸಿ ಕೆಂಪಗಾದ ಕೆನ್ನೆ ಹೊತ್ತು ಬರುತ್ತಾರೆ. ಕ್ಷೌರ, ಫೇಶಿಯಲ್ ಎರಡಕ್ಕೂ ಕೆಲವು ದಿನ ಮೊದಲೇ ಹೋಗುವುದು ಲೇಸು. ಸತುವಿನ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಫ್ಲ್ಯಾಶಿಗೆ ಸಿಕ್ಕರೆ ಬೂದಿ ಬಳಿದಂತೆ ಕಾಣಬಹುದು. ಸಣ್ಣ ಗೀರಿನ ಅಂಗಿ ಡಿಜಿಟಲ್ ಚಿತ್ರದಲ್ಲಿ ಅಲೆಅಲೆಯಾಗಿ ಕಣ್ಣು ಕೋರೈಸುತ್ತದೆ. ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿದರೆ ಗಾಜಿನ ಹೊಳಪು ಸಾಮಾನ್ಯವಾಗಿ ತಪ್ಪುತ್ತದೆ. ಅಂಗಿಗೆ ಇಸ್ತ್ರಿ ಮನೆಯಲ್ಲಿ ಮಾಡಿ, ಹಾಕಿಕೊಳ್ಳುವುದು ಸ್ಟುಡಿಯೊದಲ್ಲಿ. ಬಸ್ಸಿನ ಸೀಟು ಯಾವ ಇಸ್ತ್ರಿಯನ್ನೂ ಉಳಿಸುವುದಿಲ್ಲ.

ಈಗಿನವರ ದೊಡ್ಡ ಲಾಭವೆಂದರೆ ತೆಗೆದದ್ದನ್ನು ಅಲ್ಲೇ ಪರದೆಯ ಮೇಲೆ ನೋಡಿ, ಕಾಲರು ಮಡಚಿದ್ದರೆ ಸರಿಪಡಿಸಿ ಮತ್ತೆ ಕೂರಬಹುದು. ಒಂದು ಪ್ಲೇಟಿನ ಬೆಲೆ ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ ಇದು ಕನಸು. ಆದರೆ ಪೆನ್ಸಿಲ್ಲು ಮಾಡುತ್ತಿದ್ದುದನ್ನು ಈಗ ಫಿಲ್ಟರು, ಅದೂ ಕೇಳದೆಯೇ, ಮಾಡುತ್ತಿದೆ. ಸ್ಟುಡಿಯೊದವರಲ್ಲಿ ಒಂದೇ ಬೇಡಿಕೆ: ಬಣ್ಣ ತಿಳಿ ಮಾಡುವ ಮುಂಚೆ ಗಿರಾಕಿಯನ್ನು ಒಂದು ಮಾತು ಕೇಳಿ. ಕೇಳದೆ ತಿದ್ದಿದ ಮದುವೆ ಆಲ್ಬಮ್ಮುಗಳಲ್ಲಿ ಮದುಮಗಳ ಮುಖ ಒಂದು ಬಣ್ಣ, ಧಾರೆಗೆ ಚಾಚಿದ ಕೈ ಇನ್ನೊಂದು ಬಣ್ಣ.