ಕೂಸಿರುವ ಬಂಡಿಗೆ ಎರಡು ದಿನದ ದಾರಿ

ಬೇಸಗೆಯ ರಜೆ ಹತ್ತಿರವಾಯಿತೆಂದರೆ ಹೈದರಾಬಾದಿನ ಬಾಲಾನಗರದಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಒಂದು ಲೆಕ್ಕಾಚಾರ ತಪ್ಪದೆ ಆರಂಭವಾಗುತ್ತದೆ: ರಾತ್ರಿ ಎಷ್ಟು ಗಂಟೆಗೆ ಕಾರು ಹೊರಡಿಸಿದರೆ ಬೆಳಗಿನ ಕಾಫಿಯ ವೇಳೆಗೆ ಬೆಂಗಳೂರನ್ನು ಮುಟ್ಟಬಹುದು, ಮಕ್ಕಳು ಎಷ್ಟು ಹೊತ್ತು ನಿದ್ರಿಸಿಯಾರು, ಎಚ್ಚೆತ್ತರೆ ಮೊಬೈಲಿನಲ್ಲಿ ಏನನ್ನು ತೋರಿಸಿ ಸುಮ್ಮನಿರಿಸಬೇಕು. ಈ ಲೆಕ್ಕದಲ್ಲಿ ಪೆಟ್ರೋಲಿಗೆ ಸ್ಥಾನವಿದೆ, ಟೋಲಿಗೆ ಸ್ಥಾನವಿದೆ, ಉಳಿದಿರುವ ರಜೆಗಳಿಗೂ ಇದೆ. ಹಿಂದಿನ ಸೀಟಿನಲ್ಲಿ ಕುಳಿತು ಇಡೀ ದಾರಿಯನ್ನು ಸವೆಸಬೇಕಾದ ಎರಡು ವರ್ಷದ ಜೀವದ ಇಷ್ಟಾನಿಷ್ಟಗಳಿಗೆ ಮಾತ್ರ ಇಲ್ಲ. ಸುಮಾರು 570 ಕಿಲೋಮೀಟರುಗಳ ಈ ದಾರಿಯನ್ನು ತಪ್ಪುಹೆಜ್ಜೆಯಿಡುವ ಮಕ್ಕಳೊಡನೆ ಒಂದೇ ಓಟದಲ್ಲಿ, ಅದರಲ್ಲಿಯೂ ರಾತ್ರಿಯ ಹೊತ್ತು, ಕ್ರಮಿಸತಕ್ಕದ್ದಲ್ಲವೆಂದೂ, ನಡುವೆ ಒಂದು ರಾತ್ರಿ ತಂಗಿ ಎರಡು ಹಗಲುಗಳಲ್ಲಿ ಕ್ರಮಿಸುವುದೇ ವಿವೇಕವೆಂದೂ ನನ್ನ ದೃಢವಾದ ಅಭಿಪ್ರಾಯ.

ಬಾಲಾನಗರದಲ್ಲಿ ಕನ್ನಡಿಗರೇಕೆ ಎಂದು ದೂರದ ಓದುಗರು ಕೇಳಬಹುದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಎಚ್.ಎ.ಎಲ್. ಸಂಸ್ಥೆಯು ವಿಮಾನಗಳ ವಿದ್ಯುನ್ಮಾನ ಉಪಕರಣಗಳಿಗಾಗಿ 1965ರಲ್ಲಿ ಇಲ್ಲಿ ತನ್ನ ವಿಭಾಗವೊಂದನ್ನು ತೆರೆಯಿತು. 1968ರಲ್ಲಿ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆ ಇಲ್ಲಿಗೆ ಬಂದಿತು. ಔಷಧ ತಯಾರಿಕೆಯ ಐ.ಡಿ.ಪಿ.ಎಲ್. ಪಕ್ಕದಲ್ಲಿಯೇ ಇದ್ದಿತು, ಇವುಗಳ ಸುತ್ತ ಲೇತು ತಿರುಗಿಸುವ, ಅಚ್ಚು ಕೊರೆಯುವ ನೂರಾರು ಸಣ್ಣ ಕಾರ್ಖಾನೆಗಳು ಹಬ್ಬಿದುವು. ವರ್ಗವಾಗಿ ಬಂದವರೂ ಉದ್ಯೋಗವನ್ನರಸಿ ಬಂದವರೂ ಇಲ್ಲಿಯೇ ಬೇರುಬಿಟ್ಟರು. ಬೀದರ, ಕಲಬುರಗಿ, ರಾಯಚೂರುಗಳ ಕಡೆಯವರ ಮಾತು ಬೇರೆ. 1956ರವರೆಗೆ ಅವರಿಗೆ ಹೈದರಾಬಾದು ತಮ್ಮದೇ ರಾಜಧಾನಿಯಾಗಿದ್ದಿತು, ಇಂದಿಗೂ ಬೀದರದವರು ಬೆಳಗಿನ ತಿಂಡಿ ಮುಗಿಸಿ ಹೊರಟರೆ ಊಟದ ಹೊತ್ತಿಗೆ ತವರಿನಲ್ಲಿರುತ್ತಾರೆ. ನನ್ನ ಮಾತು ಹಳೆಯ ಮೈಸೂರಿನ ಕಡೆಗೆ ಹೋಗತಕ್ಕವರನ್ನು ಕುರಿತದ್ದು. ಅವರ ದಾರಿ ಮೂರು ರಾಜ್ಯಗಳನ್ನು ಹಾಯ್ದು ಹೋಗುತ್ತದೆ.

ರಾತ್ರಿಯ ಪ್ರಯಾಣವನ್ನು ಸಮರ್ಥಿಸುವವರ ವಾದವಿಷ್ಟೆ: ಮಗು ಮಲಗಿರುತ್ತದೆ, ರಸ್ತೆ ಬರಿದಾಗಿರುತ್ತದೆ, ಬಿಸಿಲಿರುವುದಿಲ್ಲ. ಮೂರೂ ನಿಜ. ಆದರೆ ಮಗು ಮಲಗಿರುವ ಹೊತ್ತೇ ಅದರ ತಂದೆಯೂ ಮಲಗಬೇಕಾದ ಹೊತ್ತು; ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದು, ಸಂಜೆ ಸಾಮಾನು ಕಟ್ಟಿ, ಹತ್ತು ಗಂಟೆಗೆ ಸ್ಟಿಯರಿಂಗ್ ಹಿಡಿದ ಮನುಷ್ಯನ ಕಣ್ಣು ಮೂರು ಗಂಟೆಯ ಸುಮಾರಿಗೆ ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬುದನ್ನು ಅವನ ಹೆಂಡತಿಯೇ ಬಲ್ಲಳು. ಇದೇ ಹೆದ್ದಾರಿಯಲ್ಲಿ, ಆಗಿನ ಮಹಬೂಬ್‌ನಗರ ಜಿಲ್ಲೆಯ ಪಾಲೆಮ್ ಬಳಿ, 2013ರ ಅಕ್ಟೋಬರ್ 30ರ ಮುಂಜಾವಿನಲ್ಲಿ ಬೆಂಗಳೂರಿನಿಂದ ಬರುತ್ತಿದ್ದ ಬಸ್ಸೊಂದು ಉರಿದು 45 ಜನ ದಗ್ಧರಾದರು. 2025ರ ಅಕ್ಟೋಬರ್ 24ರಂದು ಕರ್ನೂಲಿನ ಸಮೀಪ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಇನ್ನೊಂದು ಬಸ್ಸು ಅದೇ ಗತಿಯನ್ನು ಕಂಡಿತು. ಅವು ದೊಡ್ಡ ವಾಹನಗಳು, ಅವುಗಳ ಕಾರಣಗಳು ಬೇರೆ ಬೇರೆ. ಆದರೂ ನಿದ್ದೆಯ ವೇಳೆಯಲ್ಲಿ ಅನಾಹುತ ನಡೆದರೆ ಎಚ್ಚೆತ್ತು ತಪ್ಪಿಸಿಕೊಳ್ಳಲು ದೊರೆಯುವ ಅವಕಾಶ ಎಷ್ಟು ಅಲ್ಪವೆಂಬುದನ್ನು ಆ ಎರಡು ಘಟನೆಗಳು ತೋರಿಸಿಕೊಟ್ಟಿವೆ.

ಹಗಲಿನಲ್ಲಿ ಹೊರಟರೆ ಸಾಕೆ? ಮಗು ಎಲ್ಲಿ ಕುಳಿತಿದೆ ಎಂಬುದು ಅದಕ್ಕಿಂತಲೂ ಮುಖ್ಯವಾದ ಪ್ರಶ್ನೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ 194ಬಿ ಪ್ರಕರಣವು, ಹದಿನಾಲ್ಕು ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ ಮಕ್ಕಳಿಗೆಂದೇ ಮಾಡಿದ ಆಸನದಿಂದಾಗಲಿ ಬಂಧಿಸದೆ ಕಾರು ಓಡಿಸುವವನಿಗೆ ಸಾವಿರ ರೂಪಾಯಿ ದಂಡ ವಿಧಿಸುತ್ತದೆ. ಕಾಯಿದೆ ಬಂದು ಇಷ್ಟು ವರ್ಷಗಳಾದರೂ ನಮ್ಮ ಬೀದಿಯ ಕಾರುಗಳಲ್ಲಿ ಬೇಬಿ ಸೀಟು ಕಂಡುಬರುವುದು ಅಪರೂಪ. ಇದ್ದರೂ ಅದರಲ್ಲಿ ಮಗುವಿನ ಬದಲು ನೀರಿನ ಕ್ಯಾನು, ಹಣ್ಣಿನ ಚೀಲ, ಹಾಸಿಗೆಯ ಸುರುಳಿ ಕುಳಿತಿರುತ್ತವೆ. ಕೇಳಿದರೆ, ತಾಯಿಯ ಮಡಿಲಿಗಿಂತ ಭದ್ರವಾದ ಜಾಗ ಬೇರೆ ಯಾವುದು ಎಂಬ ಉತ್ತರ ಬರುತ್ತದೆ. ಭಾವಕ್ಕೆ ಅದು ಸರಿ, ಭೌತಶಾಸ್ತ್ರಕ್ಕೆ ತಪ್ಪು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಯಾವುದಕ್ಕಾದರೂ ಬಡಿದು ಥಟ್ಟನೆ ನಿಂತಾಗ, ಒಳಗೆ ಬಿಡಿಯಾಗಿರುವ ದೇಹವು ಮೂರಂತಸ್ತಿನ ಮಹಡಿಯಿಂದ ಬಿದ್ದಷ್ಟೇ ವೇಗದಿಂದ ಮುಂದಕ್ಕೆ ಎರಗುತ್ತದೆ. ಆ ಕ್ಷಣದಲ್ಲಿ ಮಗುವನ್ನು ಹಿಡಿದು ನಿಲ್ಲಿಸಬಲ್ಲ ತೋಳನ್ನು ಯಾವ ತಾಯಿಗೂ ವಿಧಾತನು ಕೊಟ್ಟಿಲ್ಲ. ಹೆದ್ದಾರಿಯಲ್ಲಿ ನಾವು ಹೋಗುವುದಾದರೋ ಇದರ ಇಮ್ಮಡಿ ವೇಗದಲ್ಲಿ. ಸರಿಯಾದ ಆಸನದಲ್ಲಿ ಬಂಧಿಸಿದ್ದರೆ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಕಾರಿನ ಅಪಘಾತದ ಸಾವುಗಳು ಅರ್ಧಕ್ಕಿಂತ ಹೆಚ್ಚು, ಶೇಕಡಾ 54ರಷ್ಟು, ಕಡಿಮೆಯಾಗುತ್ತವೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಗಣನೆ ಹೇಳುತ್ತದೆ. ದ್ವಿಚಕ್ರ ವಾಹನದಲ್ಲಿ ನಾಲ್ಕು ವರ್ಷದೊಳಗಿನ ಮಗುವನ್ನು ಕರೆದೊಯ್ಯುವಾಗ ಸವಾರನಿಗೆ ಕಟ್ಟುವ ಪಟ್ಟಿ, ಹೆಲ್ಮೆಟ್ ಮತ್ತು 40 ಕಿಲೋಮೀಟರಿನ ವೇಗಮಿತಿಯನ್ನು ಕೇಂದ್ರದ ನಿಯಮವು 2023ರಿಂದ ಕಡ್ಡಾಯಗೊಳಿಸಿದೆ; ಅದನ್ನೂ ಕಂಡವರಿಲ್ಲ.

ಮಗುವನ್ನು ಆಸನದಲ್ಲಿ ಕಟ್ಟಿದ ಮೇಲೆ ಇನ್ನೊಂದು ಸಂಗತಿ ತಾನಾಗಿಯೇ ಹಿಂಬಾಲಿಸುತ್ತದೆ. ಕಟ್ಟಿದ ಮಗು ಬಹಳ ಹೊತ್ತು ಕಟ್ಟಿಸಿಕೊಂಡಿರಲಾರದು. ಎರಡು ಗಂಟೆಗೊಮ್ಮೆಯಾದರೂ ಬಿಚ್ಚಿ ಇಳಿಸಬೇಕೆಂದು ಮಕ್ಕಳ ವೈದ್ಯರು ಹೇಳುವುದು ಬೆನ್ನಿನ ದೃಷ್ಟಿಯಿಂದ; ಮಗು ಕೇಳುವುದಾದರೋ ನೆಲಕ್ಕಾಗಿ. ಇದೇ ದಾರಿಯಲ್ಲಿ, ಗುತ್ತಿಯ ಕೋಟೆಯ ಬೆಟ್ಟ ಕಾಣುವ ಜಾಗದಲ್ಲಿ, ಪೆಟ್ರೋಲ್ ಬಂಕಿನ ಹಿಂದಿನ ಬೇವಿನ ಮರದಡಿ, ಎರಡು ವರ್ಷದ ಹುಡುಗಿಯೊಬ್ಬಳು ಕುಕ್ಕರಗಾಲಿನಲ್ಲಿ ಕುಳಿತು, ತಾನೇ ಉದುರಿಸಿದ ಬಿಸ್ಕತ್ತಿನ ಚೂರನ್ನು ಕಟ್ಟಿರುವೆಗಳು ಎಳೆದೊಯ್ಯುವುದನ್ನು ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಇರುವೆ ಮುಗ್ಗರಿಸಿದಾಗ ಅವಳು ಬೆರಳನ್ನು ಮುಂದೆ ಚಾಚುವಳು, ಮತ್ತೆ ಹೆದರಿ ಹಿಂದೆ ತೆಗೆಯುವಳು. ಒಂದು ಕಾಲಿನ ಚಪ್ಪಲಿ ಎಲ್ಲೋ ಕಳಚಿಹೋಗಿದ್ದಿತು. ತಾಯಿ ಬಿಸಿನೀರಿನಲ್ಲಿ ಕಲಸಿದ ರಾಗಿ ಸರಿಯ ಬಟ್ಟಲನ್ನು ಹಿಡಿದುಕೊಂಡು, ಅವಳು ಬಾಯಿ ತೆರೆದಾಗಲೆಲ್ಲ ಒಂದು ಚಮಚವನ್ನು ಸದ್ದಿಲ್ಲದೆ ಒಳಕ್ಕೆ ಸೇರಿಸುತ್ತಿದ್ದಳು. ಕಾರಿನೊಳಗಿದ್ದಿದ್ದರೆ ಅದೇ ಬಟ್ಟಲಿಗೆ ಇಬ್ಬರ ಬಟ್ಟೆಯೂ ಬಲಿಯಾಗುತ್ತಿತ್ತು. ತಂದೆ ಮಾತ್ರ ಮೊಬೈಲಿನ ನಕ್ಷೆಯಲ್ಲಿ ಬೆಂಗಳೂರು ಮುಟ್ಟುವ ವೇಳೆ ಒಂದೊಂದೇ ನಿಮಿಷ ಮುಂದಕ್ಕೆ ಸರಿಯುತ್ತಿರುವುದನ್ನು ನೋಡುತ್ತ, "ಏಳು ಪುಟ್ಟಿ, ಹೊತ್ತಾಯ್ತು" ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಅವನನ್ನು ದೂಷಿಸಲಾರೆ. ಒಂದೇ ದಿನದಲ್ಲಿ ಊರು ಸೇರಲು ನಿಶ್ಚಯಿಸಿದವನಿಗೆ ಇರುವೆಯೂ ಶತ್ರುವೇ.

ಎರಡು ದಿನದ ದಾರಿಯಲ್ಲಿ ಈ ವೈರಕ್ಕೆ ಕಾರಣವಿಲ್ಲ. ಸೂರ್ಯೋದಯದ ಅನಂತರ ಮನೆ ಬಿಟ್ಟು, ಹೊರವರ್ತುಲ ರಸ್ತೆಯನ್ನು ಸುತ್ತಿ ಶಂಶಾಬಾದಿನ ಬಳಿ ಹೆದ್ದಾರಿಗೆ ಇಳಿದರೆ ಶಾದ್‌ನಗರ, ಅದರಾಚೆ ಮತ್ತೊಂದು ಬಾಲಾನಗರ (ಮನೆಗೇ ಮರಳಿದೆವೋ ಎಂದು ಮಕ್ಕಳಿಗೆ ತಮಾಷೆ ಮಾಡಲು ಒದಗುವ ಊರು), ಜಡ್ಚರ್ಲ, ಬೀಚುಪಲ್ಲಿಯಲ್ಲಿ ಕೃಷ್ಣಾ ಸೇತುವೆ. ಮುಂದೆ ಕವಲೊಡೆದ ದಾರಿಯಲ್ಲಿ ಸ್ವಲ್ಪ ಒಳಗೆ ಹೋದರೆ ಆಲಂಪುರ. ಅಲ್ಲಿಯ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದವರು ನಮ್ಮ ಬಾದಾಮಿಯ ಚಾಲುಕ್ಯರು, ಏಳು ಎಂಟನೆಯ ಶತಮಾನಗಳಲ್ಲಿ. ಮಕ್ಕಳಿಗೆ ಚಾಲುಕ್ಯರಿಂದ ಆಗಬೇಕಾದುದೇನೂ ಇಲ್ಲ; ಗಾಡಿಗಳ ಭಯವಿಲ್ಲದ ವಿಶಾಲವಾದ ಅಂಗಳವೊಂದು ಬೇಕು, ಅದನ್ನು ಚಾಲುಕ್ಯರು ಒದಗಿಸಿದ್ದಾರೆ. ತುಂಗಭದ್ರೆಯನ್ನು ದಾಟಿದರೆ ಕರ್ನೂಲು: ಊಟ, ಮಧ್ಯಾಹ್ನದ ನಿದ್ದೆ. ಬಿಸಿಲಿಳಿದ ಮೇಲೆ ಅನಂತಪುರ, ರಾತ್ರಿಯ ತಂಗು. ಮಾರನೆಯ ಬೆಳಗ್ಗೆ ಪೆನುಕೊಂಡೆಯ ಬೆಟ್ಟವನ್ನು ಹಾದು, ಕೊಡಿಕೊಂಡದಿಂದ ಲೇಪಾಕ್ಷಿಗೆ ತಿರುಗಿದರೆ ಏಕಶಿಲೆಯ ಆ ಮಹಾನಂದಿಯ ಸುತ್ತ ಓಡಿ ಮಕ್ಕಳೇ ದಣಿಯುತ್ತಾರೆ; ಬಾಗೇಪಲ್ಲಿಯಲ್ಲಿ ಕನ್ನಡದ ಫಲಕಗಳು ಕಾಣುವ ಹೊತ್ತಿಗೆ ಗಾಢವಾಗಿ ನಿದ್ರಿಸುತ್ತಿರುತ್ತಾರೆ.

ದಾರಿಯಲ್ಲಿ ನಿಲ್ಲಬೇಕೆಂದು ಹೇಳುವುದು ಸುಲಭ, ನಿಲ್ಲತಕ್ಕ ಸ್ಥಳಗಳ ಸ್ಥಿತಿ ನೋಡಿದರೆ ಮಾತು ನಿಲ್ಲುತ್ತದೆ. ಗುತ್ತಿಯಿಂದ ಬಹಳ ದೂರವಿಲ್ಲದ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಅವುಗಳಲ್ಲೊಂದು, ಮನುಷ್ಯರ ಮತ್ತು ಪಶುಗಳ ಉಪಯೋಗಕ್ಕಾಗಿ ದಾರಿಗಳಲ್ಲಿ ಬಾವಿಗಳನ್ನು ತೋಡಿಸಿ ಮರಗಳನ್ನು ನೆಡಿಸಿದ ಸಂಗತಿಯನ್ನು ಹೇಳುತ್ತದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ದಾರಿಹೋಕನ ದಾಹವನ್ನು ರಾಜಕಾರ್ಯವೆಂದೆಣಿಸಿದ ಆ ಬಂಡೆಯ ಸಮೀಪದಲ್ಲಿಯೇ ಹಾಯುವ ಹಲವು ಟೋಲುಗಳ ಹೆದ್ದಾರಿಯಲ್ಲಿ, ಮಗುವಿಗೆ ಹಾಲೂಡಿಸಲು ತಾಯಿಯು ಕಾರಿನ ಗಾಜಿಗೆ ದುಪ್ಪಟ್ಟವನ್ನು ಸಿಕ್ಕಿಸಿಕೊಳ್ಳಬೇಕಾಗಿದೆ. ಡೈಪರ್ ಬದಲಾಯಿಸಲು ಡಿಕ್ಕಿಯ ಮೇಲೆ ಮಗುವನ್ನು ಮಲಗಿಸಬೇಕಾಗಿದೆ. ಟೋಲ್ ಗೇಟಿನ ಶೌಚಾಲಯಕ್ಕೆ ಬೀಗವಿರದಿದ್ದರೆ ನೀರಿರುವುದಿಲ್ಲ. ಹಿಂದೆ ಊರಿನ ಉಳ್ಳವರು ಅರವಟ್ಟಿಗೆಯಿಟ್ಟರು, ಛತ್ರ ಕಟ್ಟಿಸಿದರು; ಬೆಂಗಳೂರಿನ ರೈಲು ನಿಲ್ದಾಣದೆದುರಿನಲ್ಲಿ ಗುಬ್ಬಿ ತೋಟದಪ್ಪನವರು 1903ರಲ್ಲಿ ಎತ್ತಿಸಿದ ಛತ್ರದಲ್ಲಿ ಇಂದಿಗೂ ಜನ ಇಳಿದುಕೊಳ್ಳುತ್ತಾರೆ. ಇಂದು ಆ ಕರ್ತವ್ಯ ಟೋಲು ಪಡೆಯುವವರದು. ತಮಿಳುನಾಡು 2015ರಲ್ಲಿ ತನ್ನ ಬಸ್ ನಿಲ್ದಾಣಗಳಲ್ಲಿ ಹಾಲೂಡಿಸುವ ಕೋಣೆಗಳನ್ನು ತೆರೆಯಿತು. ಸಾರ್ವಜನಿಕ ಸ್ಥಳಗಳಲ್ಲಿ ಇಂತಹ ಕೋಣೆಗಳಿರಬೇಕೆಂಬ ಸಲಹೆಯನ್ನು ರಾಜ್ಯಗಳಿಗೆ ಮತ್ತೊಮ್ಮೆ ನೆನಪಿಸುವಂತೆ ಸರ್ವೋಚ್ಚ ನ್ಯಾಯಾಲಯವು 2025ರ ಫೆಬ್ರವರಿಯಲ್ಲಿ ಕೇಂದ್ರಕ್ಕೆ ಹೇಳಿದೆ. ಹೆದ್ದಾರಿಯ ಬದಿಗೆ 40ರಿಂದ 60 ಕಿಲೋಮೀಟರಿಗೊಂದರಂತೆ ಪ್ರಯಾಣಿಕರ ಸೌಕರ್ಯಕೇಂದ್ರಗಳನ್ನು ನಿರ್ಮಿಸುವುದಾಗಿ ಹೆದ್ದಾರಿ ಪ್ರಾಧಿಕಾರವೇ ಹೇಳಿಕೊಂಡಿದೆ. ಆ ಯೋಜನೆಯಲ್ಲಿ ಅಂಗಡಿ ಹೋಟೆಲುಗಳು ತಾವಾಗಿ ಬರುತ್ತವೆ, ಲಾಭವಿದೆ. ಒಂದು ಮರದ ನೆರಳು, ಬಾಗಿಲಿರುವ ಒಂದು ಚಿಕ್ಕ ಕೋಣೆ, ಗಾಡಿಗಳು ನುಗ್ಗದಂತೆ ಬೇಲಿ ಕಟ್ಟಿದ ಹತ್ತು ಮಾರು ಮಣ್ಣಿನ ನೆಲ, ಇವುಗಳನ್ನು ಯಾರಾದರೂ ಕೇಳಿಯೇ ಪಡೆಯಬೇಕು.

ರೈಲಿಲ್ಲವೆ ಎಂದರೆ, ಇದೆ. 2023ರ ಸೆಪ್ಟೆಂಬರಿನಿಂದ ಹೈದರಾಬಾದಿನ ಕಾಚಿಗುಡ ನಿಲ್ದಾಣದಿಂದ ವಂದೇ ಭಾರತ್ ರೈಲು ಹಗಲಿನಲ್ಲಿಯೇ ಬೆಂಗಳೂರಿಗೆ ಓಡುತ್ತಿದೆ. ಒಂದೇ ಮಗುವಿರುವವರು, ಬೆಂಗಳೂರಿನಲ್ಲಿಯೇ ಇಳಿಯುವವರು ಅದನ್ನು ಹಿಡಿಯುವುದೇ ಲೇಸು. ಆದರೆ ತುಮಕೂರಿನಾಚೆಯ, ಹಾಸನದಾಚೆಯ ಹಳ್ಳಿಗೆ ಎರಡು ಮಕ್ಕಳೊಡನೆ, ತೊಟ್ಟಿಲುಬಟ್ಟೆ, ಕುಕ್ಕರು, ಅಜ್ಜಿಗೆ ಕೊಡಬೇಕಾದ ಸೀರೆಗಳೊಡನೆ ಹೊರಟವರಿಗೆ ಕಾರು ಅನಿವಾರ್ಯವೆಂಬುದನ್ನು ಒಪ್ಪಬೇಕು.

ಇನ್ನು ಖರ್ಚಿನ ಮಾತು. ಅನಂತಪುರದ ಲಾಡ್ಜಿನಲ್ಲಿ ಒಂದು ರಾತ್ರಿ ತಂಗಲು ತಗಲುವ ಹಣವನ್ನು ಈ ಕುಟುಂಬಗಳು ಊರಿನ ಜಾತ್ರೆಯಲ್ಲಿ ಒಂದೇ ಸಂಜೆ ವ್ಯಯಿಸುತ್ತವೆ. ನಿಜವಾದ ಕೊರತೆ ರಜೆಯದು; ನಾಲ್ಕು ದಿನದ ರಜೆಯಲ್ಲಿ ಹೋಗಿ ಬರುವ ದಾರಿಗೇ ನಾಲ್ಕು ದಿನ ಬೇಕೆಂದರೆ ನಗೆಪಾಟಲಾಗುತ್ತದೆ. ನನ್ನ ಉತ್ತರ ನಿಷ್ಠುರವಾದುದು: ಮಕ್ಕಳು ಚಿಕ್ಕವರಿರುವಷ್ಟು ಕಾಲ ನಾಲ್ಕು ದಿನದ ರಜೆಗೆ ಊರಿಗೆ ಹೋಗಬಾರದು. ವರ್ಷಕ್ಕೆ ಮೂರು ಸಲ ಓಡಿ ಬರುವ ಬದಲು ಒಂದು ಸಲ ಹೋಗಿ ಹತ್ತು ದಿನ ಇದ್ದು ಬರಬೇಕು. ಅದೂ ಮೇ ತಿಂಗಳಿನಲ್ಲಲ್ಲ. ರಾಯಲಸೀಮೆಯ ಆ ಬಿಸಿಲಿನಲ್ಲಿ ಏ.ಸಿ. ಕೆಟ್ಟ ಕಾರಿನೊಳಗೆ ಅರ್ಧ ಗಂಟೆ ಕುಳಿತ ಮಗುವಿನ ಮುಖವನ್ನು ನೋಡಿದವರು ಈ ಮಾತನ್ನು ವಿಸ್ತರಿಸಿ ಹೇಳೆನ್ನುವುದಿಲ್ಲ. ದಸರೆಯೋ ಸಂಕ್ರಾಂತಿಯೋ ಬಂದಾಗ ಹೊರಟರೆ ದಾರಿ ತಂಪು, ಶಾಲೆಗೆ ಸೇರದ ಮಕ್ಕಳಿಗೆ ಬೇಸಗೆಯ ರಜೆಯ ಹಂಗೂ ಇಲ್ಲ.

ದಾರಿಯ ಆಚೆಯ ತುದಿಯಲ್ಲಿರುವ ಹಿರಿಯರಿಗೂ ಒಂದು ವಿಜ್ಞಾಪನೆಯಿದೆ. ಗಂಟೆಗೊಮ್ಮೆ ಫೋನ್ ಮಾಡಿ "ಎಲ್ಲಿಗ್ ಬಂದ್ರಪ್ಪ?" ಎಂದು ಕೇಳುವ ಅಕ್ಕರೆಯಿದೆಯಲ್ಲ, ಅದು ಓಡಿಸುವವನ ಬಲಗಾಲಿಗೆ ಭಾರವಾಗಿ ಇಳಿಯುತ್ತದೆ, "ಹೋಳಿಗೆ ಆರ್ತಾ ಇದೆ" ಎಂಬ ಮಾತಂತೂ ವೇಗಮಿತಿಯ ಫಲಕಗಳನ್ನೆಲ್ಲ ಅಳಿಸಿಹಾಕುತ್ತದೆ. ಅನಂತಪುರದಲ್ಲಿ ಉಳಿದುಕೊಂಡೆವೆಂದು ಮಗ ರಾತ್ರಿ ತಿಳಿಸಿದರೆ, ಇಷ್ಟು ದೂರ ಬಂದವರು ಇನ್ನು ಮೂರು ನಾಲ್ಕು ಗಂಟೆ ಬರಲಾಗಲಿಲ್ಲವೆ ಎಂದು ಆಕ್ಷೇಪಿಸದೆ, ಮಗು ಊಟ ಮಾಡಿತೆ ಎಂದಷ್ಟೆ ಕೇಳಿ ಫೋನ್ ಇಡಬೇಕು. ಹೋಳಿಗೆಯ ಹೂರಣವನ್ನು ಬೇಕಾದರೆ ಮಾರನೆಯ ದಿನ ಹನ್ನೊಂದು ಗಂಟೆಗೆ ರುಬ್ಬಿದರಾಯಿತು.