ಚಿತ್ರ ಹೊರುವ ಹೆಗಲು

ಕೆಲವು ಫೋಟೋ ಲೋಕಪ್ರಸಿದ್ಧ ಆಗೋದು ಯಾಕೆ? ಬೆಳಕು, ಕೋನ, ಒಳ್ಳೆ ಕ್ಯಾಮೆರಾ ಅಂತಾರೆ ಪಂಡಿತರು. ನಾವು ಒಪ್ಪೋದಿಲ್ಲ.

1976ರ ಜೂನ್ 16. ದಕ್ಷಿಣ ಆಫ್ರಿಕಾದ ಸೊವೆಟೊ. ಗಣಿತ, ಸಮಾಜ ಪಾಠವನ್ನು ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲೇ ಕಲೀಬೇಕು ಅನ್ನೋ ಹುಕುಂ ವಿರುದ್ಧ ಕರಿಯ ವಿದ್ಯಾರ್ಥಿಗಳು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. 12 ವರ್ಷದ ಹೆಕ್ಟರ್ ಪೀಟರ್ಸನ್ ಬಿದ್ದ. ಒಬ್ಬ ಹುಡುಗ ಅವನನ್ನು ಎತ್ತಿಕೊಂಡು ಓಡಿದ. ಪಕ್ಕದಲ್ಲಿ ಹೆಕ್ಟರನ ಅಕ್ಕ, ಅಳುತ್ತಾ. 'ದಿ ವರ್ಲ್ಡ್' ಪತ್ರಿಕೆಯ ಸ್ಯಾಮ್ ನ್ಜಿಮಾ ಅದನ್ನು ತೆಗೆದರು. ರೀಲನ್ನು ಕಾಲುಚೀಲದೊಳಗೆ ಬಚ್ಚಿಟ್ಟು ಉಳಿಸಿದರು.

1977ರಲ್ಲಿ ಸರ್ಕಾರ ಆ ಪತ್ರಿಕೆಯನ್ನೇ ಮುಚ್ಚಿಸಿತು. ಪೊಲೀಸರ ಕಾಟಕ್ಕೆ ನ್ಜಿಮಾ ಊರು ಬಿಡಬೇಕಾಯ್ತು. ಆದರೆ ಚಿತ್ರ ಪೋಸ್ಟರ್ ಆಗಿ ಮೆರವಣಿಗೆಗಳ ಮುಂದೆ ನಡೀತು. ಜೂನ್ 16 ಈಗ ಅಲ್ಲಿ ಯುವಜನರ ದಿನ.

ಗೆಳೆಯರೇ, ನಮ್ಮ ಹಾಸ್ಟೆಲ್ ಗೋಡೆ ನೋಡಿ. ಬಾಬಾಸಾಹೇಬರ ಫೋಟೋವನ್ನು ಗುಡಿಸಲು ಗುಡಿಸಲಿಗೆ ತಂದವರು ಪತ್ರಿಕೆ ಮಾಲೀಕರಲ್ಲ. ಕೂಲಿ ಕಾಸು ಉಳಿಸಿದ ನಮ್ಮ ಅಪ್ಪ, ಅವ್ವಂದಿರು.

ತೆಗೆಯೋರು ಒಬ್ಬರು, ಹೊರೋರು ಸಾವಿರ. ಇವತ್ತು ಎಲ್ಲರ ಜೇಬಲ್ಲೂ ಕ್ಯಾಮೆರಾ ಇದೆ. ಆದರೂ ನಮ್ಮ ಕೇರಿಗೆ ಬಿದ್ದ ಬೆಂಕಿಯ ಚಿತ್ರ ಎರಡು ದಿನಕ್ಕೆ ಮರೆತು ಹೋಗುತ್ತೆ. ಅದನ್ನು ಜೋಪಾನ ಮಾಡಿ. ಹೆಸರು, ಊರು, ತಾರೀಖು ಬರೆದಿಡಿ. ಮುಂದಿನ ಸಭೆಗೆ ಎತ್ತಿಕೊಂಡು ಬನ್ನಿ.